ನಮ್ಮಣ್ಣನನ್ನು ಬದುಕಿಸಿದ್ದು ನಾನೇ

ಸಾಗರದ ಪೇಟೆಬೀದಿಯಲ್ಲಿರುವ ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ನಾನೊಂದು ಪ್ರತಿಜ್ಞೆ ಮಾಡಿದೆ. "ಬರೋ ಯುಗಾದಿಯೊಳಗೆ ನಮ್ಮಣ್ಣ ಭೂತಪ್ಪನ್ನ ಕಂಬದ ಹಂಗೆ ಮಾಡಿ ನಿಲ್ಲಿಸ್ತೀನಿ. ಇಲ್ದಿದ್ರೆ ನಾನು ಹೂವಪ್ಪನೇ ಅಲ್ಲ!"

ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ನಾನು ಮಾಡಿದಾಗ ಎದುರಿನ ಹೋಟೆಲಿನವರು ಲೋಟ ತೊಳೆದ ನೀರನ್ನು ಬೀದಿಗೆ ಚೆಲ್ಲಿದರು, ಅರ್ಧ ನನ್ನ ಪಂಚೆಯ ಮೇಲೆ ಬಿತ್ತು. ಒಳಗೆ ಅಂಗಿಗೆ ಕಾಜಾ ಹಾಕುತ್ತ ಕೂತಿದ್ದ ನನ್ನ ಹೆಂಡತಿ ಯಮುನಮ್ಮ ಸೂಜಿಯಿಂದ ಕಣ್ಣೆತ್ತದೆ, "ನಿಲ್ಸೋದು ಆಮೇಲಾಯ್ತು. ಮೊದ್ಲು ಅವರು ಒಂದು ತುತ್ತು ಉಣ್ಣೋ ಹಂಗೆ ಮಾಡಿ" ಅಂದಳು.

ಆಗ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂದಿದ್ದ ಕಾಲ. ಅಲ್ಲಿಯ ಓವರ್‌ಸಿಯರುಗಳೂ ಮೇಸ್ತ್ರಿಗಳೂ ಪ್ಯಾಂಟು ಹೊಲಿಸಲು ನನ್ನಲ್ಲಿಗೇ ಬರುತ್ತಿದ್ದರು. ಶರಾವತಿಯನ್ನು ನಿಲ್ಲಿಸಿದವರು ಅವರು. ಅವರ ಸೊಂಟದಲ್ಲಿ ಪ್ಯಾಂಟು ನಿಲ್ಲುವಂತೆ ಮಾಡಿದವನು ನಾನು. ಇಂಥವನಿಗೆ ಒಬ್ಬ ಅಣ್ಣನನ್ನು ನಿಲ್ಲಿಸುವುದು ಯಾವ ಮಹಾ ಕೆಲಸ ಅನ್ನುವ ಧಿಮಾಕು ನನ್ನದಾಗಿತ್ತು.

ಅಣ್ಣ ಹೊಸನಗರದ ಪಕ್ಕದ ಒಂದು ಹಳ್ಳಿಯಲ್ಲಿ ಗೇಣಿಗೆ ಗದ್ದೆ ಮಾಡಿಕೊಂಡಿದ್ದ. ಅತ್ತಿಗೆಯ ಹೆಸರು ಕೆರಿಯಮ್ಮ. ಮಕ್ಕಳಿರಲಿಲ್ಲ. ಮಕ್ಕಳ ಮೇಲೆ ಕೂಗಾಡಬೇಕಾಗಿದ್ದನ್ನೂ ಸೇರಿಸಿ ಇಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಅವನು ಕಂಬಳಿ ಮರೆತು ಗದ್ದೆಗೆ ಹೋದರೆ ಅತ್ತಿಗೆ ಅಂಗಳದಲ್ಲಿ ನಿಂತು ಅವನ ವಂಶವನ್ನೆಲ್ಲ ಜಾಲಾಡುವಳು. ಆ ವಂಶದಲ್ಲಿ ನಾನೂ ಇದ್ದೆನಾದ್ದರಿಂದ, ಅವರ ಮನೆಗೆ ಹೋದಾಗಲೆಲ್ಲ ನನಗೂ ನನ್ನ ಪಾಲು ಸಿಗುತ್ತಿತ್ತು. ಗಂಜಿ ಆರಿದರೆ ಬೈಗುಳ, ಬಿಸಿ ಇದ್ದಾಗಲೇ ಉಂಡು ಬಾಯಿ ಸುಟ್ಟುಕೊಂಡರೆ ಅದಕ್ಕೂ ಬೈಗುಳ. ಇವಳ ಬಾಯಿಂದ ತಪ್ಪಿಸಿಕೊಂಡರೆ ತಾನು ನೂರು ವರ್ಷ ಬದುಕುತ್ತೇನೆ ಅಂತ ಅಣ್ಣ ಊರಿಗೆಲ್ಲ ಹೇಳುತ್ತಿದ್ದ.

ಆ ವರ್ಷದ ಆಷಾಢದಲ್ಲಿ ಅತ್ತಿಗೆಗೆ ಚಳಿಜ್ವರ ಬಂತು. ಒಂದು ವಾರವೂ ಹಿಡಿಯಲಿಲ್ಲ. ಕೊನೆಯ ದಿನ ನಾನು ಹೋದಾಗ ಅವಳಿಗೆ ಮಾತು ನಿಂತು ನಿಂತು ಬರುತ್ತಿತ್ತು. ಗದ್ದೆಯಿಂದ ಓಡಿ ಬಂದ ಅಣ್ಣ ಹಾಗೇ ಅವಳ ಹಾಸಿಗೆಯ ಪಕ್ಕ ಕೂತ. ಅವಳು ಕಣ್ಣು ಬಿಟ್ಟು ಅವನ ಕಾಲು ನೋಡಿ, "ಕೆಸರು ಕಾಲು. ತೊಳ್ಕಂಡು ಬಾ" ಅಂದಳು. ಅವನು ತೊಳೆದುಕೊಂಡು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮಣ್ಣಿಗೆ ಬಂದವರಲ್ಲಿ ಕೆಲವರು, ಪಾಪ, ಭೂತಪ್ಪನ ಕಿವಿಗೆ ಇನ್ನಾದರೂ ವಿಶ್ರಾಂತಿ ಸಿಕ್ಕಿತು ಎಂದು ಪಿಸುಗುಟ್ಟಿಕೊಂಡರು. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು.

ದೀಪಾವಳಿಗೆ ಹೊಸ ಅಂಗಿ ಹೊಲಿದು ತೆಗೆದುಕೊಂಡು ಹೋದೆ. ಅಣ್ಣನ ಅಳತೆಯನ್ನು ನಾನು ಟೇಪು ಹಿಡಿಯದೆ ಹೇಳಬಲ್ಲೆ, ಅಷ್ಟು ವರ್ಷದಿಂದ ಹೊಲಿದಿದ್ದೇನೆ. ಆ ಅಂಗಿ ಅವನ ಮೈಮೇಲೆ ಗದ್ದೆಯ ಬೆದರುಬೊಂಬೆಗೆ ತೊಡಿಸಿದ ಅಂಗಿಯ ಹಾಗೆ ಜೋತುಬಿತ್ತು. ಒಲೆ ತಣ್ಣಗಿತ್ತು. ಬೆಳಿಗ್ಗೆ ಎಂತ ಉಂಡೆ ಎಂದು ಕೇಳಿದರೆ ಅವನಿಗೆ ನೆನಪೇ ಇರಲಿಲ್ಲ. ನನಗೆಂತ ಆಗಿದೆ, ಗಟ್ಟಿ ಇದೀನಲ್ಲ ಅಂತ ಒಂದೇ ಮಾತು. ಗದ್ದೆಯನ್ನು ಪಕ್ಕದವರ ಕೈಗೆ ಒಪ್ಪಿಸಿ, ಅವನ ಕೈ ಹಿಡಿದು ಬಸ್ಸು ಹತ್ತಿಸಿಕೊಂಡು ಸಾಗರಕ್ಕೆ ಕರೆತಂದೆ. ಕರೆತಂದವನು ಮೊದಲು ಹೋದದ್ದು ಡಾಕ್ಟರ್ ಮುಕುಂದಯ್ಯನವರ ಹತ್ತಿರ.

ಮುಕುಂದಯ್ಯನವರು ಎದೆ, ಬೆನ್ನು, ನಾಲಗೆ, ಕಣ್ಣು ಎಲ್ಲ ನೋಡಿದರು. ಅಣ್ಣನನ್ನು ಹೊರಗೆ ಕೂರಿಸಿ ನನಗೆ ಹೇಳಿದ್ದು ಇಷ್ಟು: ಸದ್ಯಕ್ಕೆ ದೇಹದಲ್ಲಿ ಯಾವ ಕಾಯಿಲೆಯೂ ಇಲ್ಲ. ಆದರೆ ಇಷ್ಟು ವರ್ಷ ವೈದ್ಯಕೀಯ ಮಾಡಿ ತಾನು ಕಂಡಿದ್ದೆಂದರೆ, ಗಂಡ ಹೋದ ಹೆಂಗಸು ಹೇಗೋ ಬದುಕಿಕೊಳ್ಳುತ್ತಾಳೆ, ಹೆಂಡತಿ ಹೋದ ಗಂಡಸು ಮಾತ್ರ ವರ್ಷ ಎರಡು ವರ್ಷದಲ್ಲಿ ಹಿಂದೆಯೇ ಹೊರಟುಬಿಡುತ್ತಾನೆ. "ಇದಕ್ಕೆ ನನ್ನ ಬೀರುವಿನಲ್ಲಿ ಔಷಧಿ ಇಲ್ಲ ಹೂವಪ್ಪ. ಜೊತೆಯಲ್ಲಿಟ್ಕೋ, ಅಷ್ಟೆ" ಎಂದರು. ನಾನು ಬಿಡಲಿಲ್ಲ. ಏನಾದರೂ ಬರೆದುಕೊಡಿ ಎಂದು ಪೀಡಿಸಿದ್ದಕ್ಕೆ ಒಂದು ಟಾನಿಕ್ ಬರೆದುಕೊಟ್ಟರು. ಅದನ್ನು ಕೊಂಡು ಬರುವ ದಾರಿಯಲ್ಲೇ ಉತ್ಸಾಹ ಉಕ್ಕಿ ಮೆಟ್ಟಿಲ ಮೇಲೆ ನಿಂತು ಮಾಡಿದ್ದು ಆ ಪ್ರತಿಜ್ಞೆ.

ಶುರುವಾಯಿತು ನನ್ನ ವೈದ್ಯ. ಬೆಳಿಗ್ಗೆ ಹಸಿ ಮೊಟ್ಟೆ, ಮಧ್ಯಾಹ್ನ ಕೋಳಿಸಾರು, ಸಂಜೆ ಕಷಾಯ, ಉಂಡ ಮೇಲೆ ಟಾನಿಕ್. ನಡೆದರೆ ಹಸಿವಾಗುತ್ತದೆ ಎಂದು ಯಾರೋ ಹೇಳಿದರು. ಸರಿ, ದಿನಾ ಬೆಳಿಗ್ಗೆ ಇಕ್ಕೇರಿ ದೇವಸ್ಥಾನದವರೆಗೆ ನಡಿಗೆ! ಮೂರನೆಯ ದಿನವೇ, ಗದ್ದೆಯಲ್ಲಿ ಬೆಳೆದ ಅಣ್ಣ ಹಾಯಾಗಿ ನಡೆಯುತ್ತಿದ್ದಾಗ, ಮಷಿನ್ನಿನ ಮುಂದೆ ಕೂತು ಕೂತು ಬೆಳೆದ ನಾನು ದೇವಸ್ಥಾನದ ಮುಂದಿನ ಇಳಿಜಾರಿನಲ್ಲಿ ಕಾಲು ಉಳುಕಿಸಿಕೊಂಡೆ. ರೋಗಿ ವೈದ್ಯನನ್ನು ಹೆಗಲಿಗೆ ಆನಿಸಿಕೊಂಡು ಸಾಗರದ ಪೇಟೆಯ ಉದ್ದಕ್ಕೂ ನಡೆಸಿಕೊಂಡು ಬಂದ. ಭೂತಪ್ಪ ಬಹಳ ಬೇಗ ಗುಣವಾದನಲ್ಲ ಎಂದು ಎದುರಿನ ಹೋಟೆಲಿನವರು ನನ್ನನ್ನೇ ಕೇಳಿದರು.

ಟಾನಿಕ್ ಬಾಟಲಿ ಮಾತ್ರ ಚೆನ್ನಾಗಿ ಖಾಲಿಯಾಗುತ್ತಿತ್ತು. ನಾನು ಹಿಗ್ಗಿ ಎರಡನೆಯದು ತಂದೆ, ಮೂರನೆಯದು ತಂದೆ. ಒಂದು ದಿನ ಯಮುನಮ್ಮ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬಚ್ಚಲ ನೀರು ಹೋಗುವಲ್ಲಿ ಬೆಳೆದಿದ್ದ ಕೆಸುವಿನ ಗಿಡ ತೋರಿಸಿದಳು. ಒಂದೊಂದು ಎಲೆ ಒಂದೊಂದು ಕೊಡೆಯಷ್ಟು ಅಗಲವಾಗಿತ್ತು. ಅಣ್ಣ ದಿನಾ ಟಾನಿಕ್ಕಿನ ಲೋಟ ಹಿಡಿದೇ ಅಲ್ಲಿ ಕೈತೊಳೆಯಲು ಹೋಗುತ್ತಿದ್ದ.

ಅವನನ್ನು ಗದರಿಸಬಹುದಿತ್ತು. ಆದರೆ ಗದರಿಸುವವರು ಯಾರು? ಅವನು ಮನೆಗೆ ಹಿರಿಯ. ನಾನು ಅವನೆದುರು ಬೀಡಿ ಸೇದಿದವನಲ್ಲ. ಮಕ್ಕಳು ದೊಡ್ಡಪ್ಪ ಎಂದರೆ ಬಾಗಿಲ ಸಂದಿಗೆ ಸರಿಯುತ್ತಿದ್ದರು. ಯಮುನಮ್ಮ ಅಡುಗೆಮನೆಯಿಂದಲೇ ಮೆಲ್ಲಗೆ, ಭಾವ, ಇನ್ನೊಂದು ಸ್ವಲ್ಪ ಬಡಿಸ್ಲಾ ಎನ್ನುವಳು. ಅವನು ಸಾಕು ಎನ್ನುವನು. ಸಾಕು ಎಂದರೆ ಸಾಕು. ನಾವೆಲ್ಲ ಅವನಿಗೆ ಮರ್ಯಾದೆ ಕೊಟ್ಟೂ ಕೊಟ್ಟೂ ಅವನನ್ನು ಉಪವಾಸ ಕೆಡವಿದ್ದೆವು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಯಮುನಮ್ಮ ಕಾಜಾ ಹಾಕುವುದನ್ನು ನಿಲ್ಲಿಸಿ, "ಮನೆ ತುಂಬ ಜನ ಇದೀವಿ. ಆದ್ರೂ ಅವರು ಒಬ್ರೇ ಇದಾರೆ" ಅಂದಳು. ಅವಳು ಅಂದದ್ದು ಒಂದು, ನನ್ನ ಬುದ್ಧಿವಂತಿಕೆಗೆ ಕೇಳಿಸಿದ್ದು ಇನ್ನೊಂದು. ಓಹೋ, ಅಣ್ಣನಿಗೆ ಇನ್ನೊಂದು ಮದುವೆ ಮಾಡಬೇಕು!

ನಮ್ಮ ಜನರಲ್ಲಿ ಇದು ಹೊಸತೇನಲ್ಲ. ಗಂಡ ಸತ್ತವಳಿಗೆ ಹೆಂಡತಿ ಸತ್ತವನು ಸೀರೆ ಕೊಟ್ಟು ಉಡಿಕೆ ಮಾಡಿಕೊಳ್ಳುವುದು ಅಜ್ಜನ ಕಾಲದಿಂದಲೂ ಇದೆ. ಅದೇ ಹೊತ್ತಿಗೆ ದೇವರೇ ಕಳಿಸಿದಂತೆ ತೀರ್ಥಹಳ್ಳಿ ಕಡೆಯ ಹುಲಿಯಪ್ಪ ಅಂಗಿ ಹೊಲಿಸಲು ಬಂದ. ಕುರುವಳ್ಳಿಯಲ್ಲಿ ಕಲ್ಲು ಕಡಿಯುವವನು, ಯಾರದೋ ಮನೆಯ ಕಂಬದ ಕೆಲಸಕ್ಕೆ ಸಾಗರಕ್ಕೆ ಬಂದಿದ್ದ. ಅಳತೆ ತೆಗೆಯುತ್ತ ಮಾತಿಗೆಳೆದರೆ, ಅವನಿಗೊಬ್ಬಳು ತಂಗಿ ಕನ್ನಮ್ಮ. ಗಂಡ ತೀರಿ ವರ್ಷಗಳಾಗಿವೆ, ಮಕ್ಕಳಿಲ್ಲ, ಎಮ್ಮೆ ಸಾಕಿ ತೀರ್ಥಹಳ್ಳಿಯ ಹೋಟೆಲುಗಳಿಗೆ ಹಾಲು ಹಾಕುತ್ತಾಳೆ. ತೋಳಿನ ಅಳತೆ ಮುಗಿಯುವಷ್ಟರಲ್ಲಿ ನಾವಿಬ್ಬರೂ ಮಾತು ಮುಗಿಸಿದ್ದೆವು. ಉಳಿದದ್ದು ಒಂದೇ ತೊಡಕು. ಹೇಳಿದರೆ ಅಣ್ಣ ಬರುವುದಿಲ್ಲ. ಹೇಳಿದರೆ ತನ್ನ ತಂಗಿ ಬಾಗಿಲು ತೆಗೆಯುವುದಿಲ್ಲ ಎಂದು ಹುಲಿಯಪ್ಪನೂ ಹೇಳಿದ. ಆದ್ದರಿಂದ ಎಮ್ಮೆ ನೋಡುವ ನೆಪ ಮಾಡುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಯಮುನಮ್ಮನಿಗೆ ಹೇಳಿದಾಗ ಅವಳು, "ನೀವು ಹೊಲಿಗೆ ಹಾಕಿದ್ದು ಬಟ್ಟೆಗೆ ಮಾತ್ರ ಸರಿಯಾಗಿರುತ್ತೆ" ಎಂದಳು.

ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಿ, ತುಂಗೆಯ ಸೇತುವೆ ದಾಟಿ ಕುರುವಳ್ಳಿ ಮುಟ್ಟಿದೆವು. ಕನ್ನಮ್ಮನ ಮನೆ ಕಲ್ಲುಕ್ವಾರಿಯ ಆಚೆ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ನಾನೇ ಹೊಲಿದ ಪ್ಯಾಂಟು, ತಲೆಗೆ ಸಂಪಿಗೆ ಎಣ್ಣೆ. ಅಣ್ಣ ಜೋತುಬಿದ್ದ ಅಂಗಿಯಲ್ಲಿ ನನ್ನ ಹಿಂದೆ. ನೋಡಿದವರಿಗೆ ಮದುಮಗ ಯಾರೆಂದು ಅನುಮಾನ ಬರಬೇಕು.

ಕನ್ನಮ್ಮ ಎತ್ತರದ ಆಳು. ಕೈಯಲ್ಲಿ ಹಗ್ಗ ಹಿಡಿದೇ ಹೊರಗೆ ಬಂದಳು. ಜಗಲಿಯಲ್ಲಿ ಕೂರಿಸಿ ಅವಲಕ್ಕಿ, ಬೆಲ್ಲದ ಕಾಫಿ ಕೊಟ್ಟು, ನೇರವಾಗಿ ಎಮ್ಮೆಯ ಮಾತಿಗೆ ಬಂದಳು. ಅಣ್ಣನೂ ಎಮ್ಮೆಯ ಮಾತಿಗೇ ಬಂದ. ಎಷ್ಟನೆಯ ಕರು, ಹಿಂಡುವಾಗ ಒದೆಯುತ್ತದೆಯೇ, ಕಾಡಿಗೆ ಬಿಟ್ಟರೆ ಸಂಜೆ ತಾನೇ ಬರುತ್ತದೆಯೇ ಎಂದು ಅವನು ಕೇಳಿದ, ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಅತ್ತಿಗೆ ಹೋದ ಮೇಲೆ ಅಣ್ಣ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನೂ ಹುಲಿಯಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೀಸೆಯೊಳಗೆ ನಗುತ್ತಿದ್ದೆವು. ಸಂತೋಷ ತಡೆಯಲಾರದೆ ಹುಲಿಯಪ್ಪ, ಅಂತೂ ಜೋಡಿ ಚೆನ್ನಾಗಾಗ್ತದೆ ಎಂದುಬಿಟ್ಟ.

"ಜೋಡಿ ಬ್ಯಾಡ. ನಂಗೆ ಒಂದೇ ಸಾಕು" ಅಂದ ಅಣ್ಣ. "ಎರಡಕ್ಕೆ ಹುಲ್ಲು ಎಲ್ಲಿಂದ ತರ್ಲಿ?"

ನನಗೆ ಕಾಫಿ ಮೂಗಿಗೇರಿತು. ಹುಲಿಯಪ್ಪ ಕೆಮ್ಮಿದ. ಕನ್ನಮ್ಮ ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು. ನನ್ನ ಸಂಪಿಗೆ ಎಣ್ಣೆಯ ತಲೆಯಿಂದ ಇಸ್ತ್ರಿಯ ಪ್ಯಾಂಟಿನವರೆಗೆ ನೋಡಿದಳು. ಎಮ್ಮೆ ಕೊಳ್ಳಲು ಯಾರೂ ಹಾಗೆ ಬರುವುದಿಲ್ಲ. ಅವಳಿಗೆ ಎಲ್ಲ ಅರ್ಥವಾಯಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ನಾನು ಎದ್ದು ನಿಂತು, ಅಣ್ಣ ಒಂಟಿಯಾಗಿರುವುದನ್ನೂ ಡಾಕ್ಟರು ಹೇಳಿದ್ದನ್ನೂ ಉಡಿಕೆಯ ವಿಚಾರವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಣ್ಣ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾಗಿತ್ತು.

ಕನ್ನಮ್ಮ ಸಿಟ್ಟು ಮಾಡಲಿಲ್ಲ. ಹಗ್ಗವನ್ನು ಸುತ್ತಿ ಸುತ್ತಿ ಗೂಟಕ್ಕೆ ಹಾಕಿದಳು. ತನ್ನ ಗಂಡ ಕ್ವಾರಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡದ್ದು, ಹಾಸಿಗೆಯಲ್ಲೇ ವರ್ಷಗಟ್ಟಲೆ ಇದ್ದದ್ದು, ತಾನೇ ತೊಳೆದು ಬಳಿದು ಉಣ್ಣಿಸಿದ್ದು, ಕೊನೆಗೊಂದು ದಿನ ತುತ್ತು ಬಾಯಲ್ಲಿಟ್ಟುಕೊಂಡೇ ಅವನು ಹೋದದ್ದು, ಎಲ್ಲವನ್ನೂ ಯಾರದೋ ಮನೆಯ ಸುದ್ದಿ ಎಂಬಂತೆ ಹೇಳಿದಳು. "ಡಾಕ್ಟ್ರು ಹೇಳಿದ್ದು ಖರೆ. ಗಂಡ ಹೋದ್ರೆ ಹೆಂಗಸು ಸಾಯಲ್ಲ. ಸಾಯೋಕೆ ಪುರುಸೊತ್ತು ಬೇಕಲ್ಲ, ಎಮ್ಮೆ ಯಾರು ಹಿಂಡ್ತಾರೆ? ಆದ್ರೆ ಇನ್ನೊಬ್ರು ಸಾಯೋದನ್ನ ಕೂತ್ಕಂಡು ನೋಡೋ ಶಕ್ತಿ ನಂಗಿಲ್ಲ" ಎಂದಳು.

ಮಾತು ಅಲ್ಲಿಗೆ ಮುಗಿಯಿತು. ನಾನು ಟವೆಲು ಕೊಡವಿ ಹೊರಡಲು ನಿಂತೆ. ಅಣ್ಣ ಮಾತ್ರ ಕೂತಲ್ಲಿಂದಲೇ ಮೆಲ್ಲಗೆ ಕೇಳಿದ:

"ಎಮ್ಮೆ ಕೊಡ್ತೀರಾ ಇಲ್ವಾ?"

ಕನ್ನಮ್ಮ ಅವನ ತಟ್ಟೆ ನೋಡಿದಳು. ಅವಲಕ್ಕಿ ಕೊಟ್ಟ ಹಾಗೇ ಇತ್ತು. ಅಲ್ಲಿಂದ ಶುರುವಾಯಿತು ನೋಡಿ. ಅವಲಕ್ಕಿ ಏನು ಗೋಡೆಗೆ ಬಳಿಯೋಕೆ ಕೊಟ್ಟಿದ್ದಾ, ಹಗ್ಗ ಹಿಡಿಯೋ ಕೈಯಾ ಇದು, ಈ ಕೈ ನೋಡಿದ್ರೆ ನನ್ನ ಎಮ್ಮೆ ನಗುತ್ತೆ, ಉಣ್ಣದ ಮನುಷ್ಯ ಎಮ್ಮೆಗೆ ಎಂತ ತಿನ್ನಿಸ್ತಾನೆ, ಮೊದ್ಲು ತಟ್ಟೆ ಖಾಲಿ ಮಾಡಿ ಆಮೇಲೆ ಎಮ್ಮೆ ಮಾತು ಎಂದು ಒಂದೇ ಸಮನೆ ಬೈದಳು. ಪರಿಚಯವಾಗಿ ಒಂದು ಗಂಟೆ ಆಗಿರಲಿಲ್ಲ. ನನಗೆ ಸಿಟ್ಟು ಬಂತು. ನಮ್ಮಣ್ಣನಿಗೆ ಹಾಗೆ ಮಾತಾಡಿದವರು ಯಾರೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ತಟ್ಟೆ ಎತ್ತಿಕೊಂಡ. ಒಂದು ಕಾಳು ಬಿಡದೆ ತಿಂದ. ಇನ್ನೂ ಸ್ವಲ್ಪ ಹಾಕಿಸಿಕೊಂಡ.

ಹೀಗೆ ಹೆಂಡತಿ ತರಲು ಹೋದವರು ಎಮ್ಮೆ ಕೊಂಡೆವು. ಎಮ್ಮೆ ಬಸ್ಸು ಹತ್ತುವುದಿಲ್ಲ. ತೀರ್ಥಹಳ್ಳಿಯಿಂದ ಹೊಸನಗರದ ಪಕ್ಕದ ಅಣ್ಣನ ಮನೆಯವರೆಗೆ ನಡೆಸಿಕೊಂಡೇ ಹೋಗಬೇಕು. ಅಣ್ಣನೊಬ್ಬನನ್ನೇ ಬಿಡುವಂತಿಲ್ಲ. ಬಿಳಿ ಅಂಗಿಯ ನಾನು ಹಿಂದಿನಿಂದ ಕೋಲು ಹಿಡಿದು ಹೊರಟೆ. ನನ್ನ ಸಂಪಿಗೆ ಎಣ್ಣೆಯ ವಾಸನೆಗೋ ಏನೋ, ಅದು ಹತ್ತು ಮಾರು ನಡೆದು ನಿಂತು, ನನ್ನತ್ತ ತಿರುಗಿ ಮೂಸುವುದು. ನಾನು ಹಿಂದೆ ಸರಿದರೆ ಮುಂದೆ ಬರುವುದು. ದಾರಿಯಲ್ಲಿ ನೆಂಟರ ಮನೆಯಲ್ಲಿ ತಂಗಿದ್ದು ಮರುದಿನ ಮತ್ತೆ ನಡೆದೆವು. ಹೊಸನಗರ ಹತ್ತಿರ ಬಂತೆನ್ನುವಾಗ ರಸ್ತೆ ಪಕ್ಕದ ಕೆರೆ ಕಂಡಿತು. ಎಮ್ಮೆ ಕೆರೆ ಕಂಡರೆ ಕೇಳಬೇಕೆ? ಹಗ್ಗ ಹಿಡಿದು ನಿಲ್ಲಿಸುತ್ತೇನೆಂದು ಹೋದ ನನ್ನನ್ನೂ ಎಳೆದುಕೊಂಡು ನೀರಿಗಿಳಿಯಿತು. ಓವರ್‌ಸಿಯರುಗಳ ಮೆಚ್ಚಿನ ದರ್ಜಿ ಹೂವಪ್ಪ ಸೊಂಟದವರೆಗೆ ಕೆಸರಿನಲ್ಲಿ ನಿಂತ. ಪ್ಯಾಂಟಿನ ಹಿಂಭಾಗದ ಹೊಲಿಗೆ, ನಾನೇ ಹಾಕಿದ ಡಬಲ್ ಹೊಲಿಗೆ, ಪರ್ರೆಂದು ಬಿಟ್ಟುಕೊಂಡಿತು. ಎಮ್ಮೆ ನನ್ನ ಪಕ್ಕದಲ್ಲೇ ಮೈಚೆಲ್ಲಿ ಮಲಗಿ, ಪರಮಸುಖದಿಂದ ಕಣ್ಣು ಮುಚ್ಚಿತು.

ದಡದಲ್ಲಿ ಅಣ್ಣ ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ನಾಲ್ಕೈದು ತಿಂಗಳಿಂದ ಕೇಳದ ನಗು. ನಗುತ್ತಲೇ ಅವನು ಸರಕ್ಕನೆ ಎಡಗಡೆಗೆ ತಿರುಗಿದ. ಏನೋ ಹೇಳಲು ಬಾಯಿ ತೆರೆದ. ಅಲ್ಲಿ ಯಾರೂ ಇರಲಿಲ್ಲ. ಹಾಗೇ ದಡದ ಮೇಲೆ ಕುಕ್ಕರಿಸಿ, ಮೊಣಕಾಲಿನ ನಡುವೆ ತಲೆಯಿಟ್ಟು ಅತ್ತ. ಅತ್ತಿಗೆ ಸತ್ತ ದಿನವೂ ಅತ್ತವನಲ್ಲ.

ನಾನು ಕೆಸರಿನಲ್ಲೇ ಹೋಗಿ ಅವನ ಪಕ್ಕ ಕೂತೆ. ಅಂಗೈಯಿಂದ ಮುಖ ಒರೆಸಿಕೊಂಡು ಅವನು, "ಅವಳಿಗೆ ತೋರಿಸ್ಬೇಕು ಅಂತ ತಿರುಗಿದೆ ಕಣೋ ಹೂವ. ಇಲ್ಲ ಅನ್ನೋದು ಮರ್ತೇ ಹೋಗಿತ್ತು" ಅಂದ.

ಆ ಎಮ್ಮೆಯ ಜೊತೆ ಅಣ್ಣ ತನ್ನ ಮನೆಯಲ್ಲೇ ಉಳಿದ. ಹುಲ್ಲು ತರಬೇಕು, ಹಿಂಡಬೇಕು, ಬೆಳಿಗ್ಗೆ ಏಳಲೇಬೇಕು. ಸಂಕ್ರಾಂತಿಯ ಹೊತ್ತಿಗೆ ನೋಡಿದರೆ ಕೆನ್ನೆ ತುಂಬಿತ್ತು. ಯುಗಾದಿಗೆ ಅಂಗಿಯ ಕಂಕುಳಲ್ಲಿ ಬಟ್ಟೆ ಬಿಡಿಸಿ ಅಗಲ ಮಾಡಿಕೊಟ್ಟೆ. ಸಾಗರದಲ್ಲಿ ನನ್ನ ಕೀರ್ತಿ ಹರಡದೆ ಬಿಡಲು ನಾನೇನು ಬಾಯಿಲ್ಲದವನೇ? ಅಳತೆ ಕೊಡಲು ಬಂದವರಿಗೆಲ್ಲ ಕತೆ. ಹೆಂಡತಿ ಹೋದವನನ್ನು ಉಳಿಸುವ ಔಷಧಿ ಡಾಕ್ಟರ ಬೀರುವಿನಲ್ಲಿಲ್ಲ, ಈ ಹೂವಪ್ಪನ ತಲೆಯಲ್ಲಿದೆ. ಎಮ್ಮೆ ಕೊಡಿಸಿ ಸ್ವಾಮಿ, ಎಮ್ಮೆ ಕೊಡಿಸಿ! ಮುಕುಂದಯ್ಯನವರಿಗೂ ಹೋಗಿ ಹೇಳಿಬಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ಸಂತೋಷ ಎಂದರು.

ಒಂದು ವಿಷಯ ಮಾತ್ರ ನನಗೆ ಬಗೆಹರಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಎಮ್ಮೆಯ ನಡುವೆ ಬೆಳೆದ ಅಣ್ಣನಿಗೆ ಈ ಎಮ್ಮೆಯ ವಿಚಾರದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಎಮ್ಮೆ ಸರಿಯಾಗಿ ಹಾಲಿಳಿಸುತ್ತಿಲ್ಲವೆಂದು ಕನ್ನಮ್ಮನನ್ನು ಕೇಳಲು ತೀರ್ಥಹಳ್ಳಿಗೆ ಹೋಗುವನು. ಅದಕ್ಕೆ ಹೊಟ್ಟೆ ಉಬ್ಬರಿಸಿದೆಯೆಂದು ಕೇಳಲು ಹೋಗುವನು. ಎಮ್ಮೆ ಮಂಕಾಗಿದೆಯೆಂದು ಹೋಗುವನು, ಗೆಲುವಾಗಿದೆಯೆಂದು ಹೇಳಿಬರಲು ಹೋಗುವನು. ವಯಸ್ಸಾಯಿತು, ಅಣ್ಣನ ಬುದ್ಧಿ ಮಂಕಾಗುತ್ತಿದೆ ಎಂದು ನಾನು ಯಮುನಮ್ಮನ ಹತ್ತಿರ ನೊಂದುಕೊಂಡೆ. ಅವಳು ಸೂಜಿಗೆ ನೂಲು ಪೋಣಿಸುತ್ತ, ಹೌದು, ನಿಮ್ಮ ಮನೆತನದಲ್ಲೇ ಇದೆ ಎಂದಳು.

ಎರಡು ವರ್ಷ ಹೀಗೇ ನಡೆಯಿತು. ನಡುವೆ ಒಂದು ಸಲ ಅಣ್ಣ ಸಾಗರಕ್ಕೆ ಬಂದು, ಏದುಸಿರು ಬರುತ್ತದೆಂದು ತಾನೇ ಮುಕುಂದಯ್ಯನವರಲ್ಲಿಗೆ ಹೋಗಿ ತೋರಿಸಿಕೊಂಡ. ಏನೆಂದರು ಎಂದು ಕೇಳಿದರೆ, ಗ್ಯಾಸು ಅಂತೆ ಎಂದ. ನಾನು ನಂಬಿದೆ. ಅದರ ಮುಂದಿನ ಮಳೆಗಾಲದ ನಾಟಿಯ ಹೊತ್ತಿಗೆ, ಒಂದು ಮಧ್ಯಾಹ್ನ, ಗದ್ದೆಯ ಅಂಚಿನಲ್ಲಿ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದನಂತೆ. ನಾಟಿಯವರು ಓಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಸುದ್ದಿ ತಿಳಿದು ನಾವು ಸಾಗರದಿಂದ ಹೋಗಿ ಎಲ್ಲ ಮುಗಿಸಿದೆವು.

ಮೂರನೆಯ ದಿನ ಯಮುನಮ್ಮ ನನ್ನನ್ನು ಕರೆದು, ತೀರ್ಥಹಳ್ಳಿಗೆ ಹೋಗಿ ಕನ್ನಮ್ಮನಿಗೆ ಸುದ್ದಿ ಹೇಳಿಬನ್ನಿ ಎಂದಳು. ಎಮ್ಮೆ ಮಾರಿದವರಿಗೆಲ್ಲ ಸಾವಿನ ಸುದ್ದಿ ಹೇಳುವ ಪದ್ಧತಿ ಎಲ್ಲಿದೆ ಎಂದೆ. ಅವಳು ಮತ್ತೊಮ್ಮೆ, ಹೋಗಿಬನ್ನಿ ಅಂತ ಮಾತ್ರ ಹೇಳಿದಳು. ಹೋದೆ.

ಕನ್ನಮ್ಮ ಹೋಟೆಲಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದಳು. ಜಗಲಿಯ ಮೇಲೆ ನನ್ನನ್ನು ಕೂರಿಸಲು ಚಾಪೆ ಹಾಸಿದಳು. ಬಾಗಿದಾಗ ಅವಳ ರವಿಕೆಯ ತೋಳು ಕಣ್ಣಿಗೆ ಬಿತ್ತು. ತೋಳಿನ ಅಂಚನ್ನು ಒಳಗೆ ಮಡಿಸಿ ಎರಡು ಸಾಲು ಹೊಲಿಯುವುದು ನನ್ನ ಕೈ. ಸಾಗರದಲ್ಲಿ ಬೇರೆ ಯಾರೂ ಹಾಗೆ ಹೊಲಿಯುವುದಿಲ್ಲ. ಹಿಂದಿನ ದೀಪಾವಳಿಗೆ, ತನ್ನ ಚಿಕ್ಕಮ್ಮನಿಗೆ ಎಂದು ಯಮುನಮ್ಮ ನನ್ನ ಕೈಯಲ್ಲಿ ಹೊಲಿಸಿದ ಬಟ್ಟೆ ಅದು. ನಿನ್ನ ಚಿಕ್ಕಮ್ಮ ಇಷ್ಟು ಎತ್ತರ ಯಾವಾಗ ಬೆಳೆದಳು ಎಂದು ಅವಳ ಜೊತೆ ಜಗಳವಾಡಿದ್ದೆ. ಸುದ್ದಿಯನ್ನು ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಹೇಳಿದೆ.

ಅವಳು ಅಳಲಿಲ್ಲ, ಕೂಗಲಿಲ್ಲ. ಹಾಲಿನ ಕ್ಯಾನನ್ನು ಗೋಡೆಗೆ ಸರಿಯಾಗಿ ಆನಿಸಿ ಇಟ್ಟಳು.

"ಅವತ್ತು ಊಟ ಮಾಡಿದ್ರಾ?" ಎಂದು ಕೇಳಿದಳು.

ಮಾಡಿದ್ದ. ನಾವು ಹೋದಾಗ ಅಡುಗೆಮನೆಯಲ್ಲಿ ತೊಳೆದ ತಟ್ಟೆ ಕವುಚಿಟ್ಟಿತ್ತು. ಪಾತ್ರೆಯ ತಳದಲ್ಲಿ ಗಂಜಿ, ಪಕ್ಕದಲ್ಲಿ ಸೀಗಡಿ ಚಟ್ನಿಯ ಕುಡಿಕೆ. ಅದನ್ನೆಲ್ಲ ಹೇಳಿದೆ. ಚಟ್ನಿ ತಾನೇ ಅರೆದು ಕಳಿಸಿದ್ದು ಎಂದಳು. ಆಮೇಲೆ ಕಲ್ಲುಕ್ವಾರಿಯ ಕಡೆಗೆ ಮುಖ ಮಾಡಿಕೊಂಡೇ ಹೇಳತೊಡಗಿದಳು. ಅವನು ಬಂದಾಗ ಮೊದಮೊದಲು ಎಮ್ಮೆಯ ಮಾತೇ ಆಡುತ್ತಿದ್ದರಂತೆ. ಆಮೇಲೆ ಅವನು ಕೆರಿಯಮ್ಮನ ಮಾತು ಆಡುವನು, ಇವಳು ತನ್ನ ಗಂಡನ ಮಾತು ಆಡುವಳು. ಉಂಡು, ಬೈಸಿಕೊಂಡು, ಸಂಜೆಯ ಬಸ್ಸಿಗೆ ಹೋಗುವನು. ಒಂದು ವರ್ಷ ಕಳೆದ ಮೇಲೆ ಇವಳ ಮನಸ್ಸೇ ತಿರುಗಿತು. ಉಡಿಕೆಗೆ ಆಗಬಹುದು ಎಂದು ತಾನೇ ಬಾಯಿಬಿಟ್ಟು ಹೇಳಿದಳು.

"ಅವರು ಬ್ಯಾಡ ಅಂದ್ರು. ನಿಮ್ಮೂರ ಡಾಕ್ಟ್ರು ಗುಂಡಿಗೆ ಸೋತಿದೆ ಅಂದಿದ್ರಂತೆ. 'ನಿಂಗೆ ಎರಡನೇ ಸಲ ಕುಂಕುಮ ಇಡಿಸಿ ಅಳಿಸಿ ಹೋಗಲ್ಲ ಕನ್ನಮ್ಮ' ಅಂದ್ರು. ನಾನೇ ಮೊದಲ ದಿನ ಹಂಗಂದಿದ್ನಲ್ಲ, ನೋಡೋ ಶಕ್ತಿ ಇಲ್ಲ ಅಂತ. ಅದನ್ನೇ ಹಿಡ್ಕಂಡಿದ್ರು." ಚಾಪೆಯ ಅಂಚು ಸರಿಮಾಡುತ್ತ ಅವಳು ಹೇಳಿದಳು, "ಈಗ ನೋಡಿ, ನಂಗೆ ಅಳೋಕೂ ಇಲ್ಲ. ಕೇಳಿದೋರಿಗೆ ಎಂತ ಹೇಳ್ಲಿ? ಎಮ್ಮೆ ಕೊಂಡೋರು ಸತ್ರು ಅಂತ ಯಾರಾದ್ರೂ ಅಳ್ತಾರಾ?"

ಅವಳು ಕೊಟ್ಟ ಕಾಫಿ ಕುಡಿದು ಎದ್ದುಬಂದೆ.

ವಾಪಸು ಬಂದವನು ಯಮುನಮ್ಮನ ಮುಂದೆ ಕೂತೆ. ನಿನಗೆ ಮೊದಲೇ ಗೊತ್ತಿತ್ತಾ ಎಂದೆ. ಗೊತ್ತಿತ್ತು ಎಂದಳು. ಡಾಕ್ಟರಲ್ಲಿಗೆ ಬಂದಿದ್ದ ದಿನ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗುಂಡಿಗೆಯ ವಿಷಯವನ್ನೂ ಕನ್ನಮ್ಮನ ವಿಷಯವನ್ನೂ ತನಗೊಬ್ಬಳಿಗೇ ಹೇಳಿ, ರವಿಕೆ ಹೊಲಿಸಿಕೊಡು ಎಂದು ಬಟ್ಟೆಯನ್ನೂ ಅಳತೆಯನ್ನೂ ಕೊಟ್ಟು ಹೋದರು ಎಂದಳು. ನಾನು ಅವನ ಒಡಹುಟ್ಟಿದವನು. ನನಗೆ ಯಾಕೆ ಹೇಳಲಿಲ್ಲ ಅವನು? ಅದನ್ನೇ ಕೇಳಿದೆ.

"ಹೇಳ್ತೀನಿ ಅಂತಲೇ ಇದ್ರು. ನಾನೇ ಬ್ಯಾಡ ಅಂದೆ" ಎಂದಳು ಯಮುನಮ್ಮ. "ನಿಮಗೆ ಹೇಳಿದ್ರೆ ನೀವು ಅಂಗಡಿ ಮೆಟ್ಟಿಲ ಮೇಲೆ ನಿಂತು ಅವರ ಮದುವೆ ಮಾಡ್ಸೋಕೆ ಹೊರಡ್ತಿದ್ರಿ. ಅವರಿಗೆ ಹಂಗೇ ಇರ್ಲಿ ಅಂತಿತ್ತು."

ನಾನು ಅವಳಿಗೆ 'ಅಲ್ಲ' ಎನ್ನಲು ನೋಡಿದೆ. ಅವಳು ಹೇಳಿದ್ದು ನಿಜ.

ಹನ್ನೊಂದನೆಯ ದಿನದ ಕಾರ್ಯ ಅಣ್ಣನ ಮನೆಯಲ್ಲೇ ಆಯಿತು. ಬೆಳಿಗ್ಗೆಯ ಬಸ್ಸಿಗೆ ಕನ್ನಮ್ಮ ಬಂದಳು. ಹುಲಿಯಪ್ಪ ಹಿಂದೆ ಇದ್ದ. ಹೊಸ್ತಿಲ ಹೊರಗೇ ನಿಂತಿದ್ದವಳನ್ನು ಯಮುನಮ್ಮ ಕೈಹಿಡಿದು ನೇರ ಅಡುಗೆಮನೆಗೆ ಕರೆದುಕೊಂಡು ಹೋದಳು. ಎಡೆಗೆ ಏನೇನು ಬೇಯಬೇಕು, ಅಣ್ಣನಿಗೆ ಖಾರ ಎಷ್ಟಿರಬೇಕು ಎಂದು ಅಲ್ಲಿ ಅವಳನ್ನೇ ಕೇಳುತ್ತಿದ್ದಳು. ಮಧ್ಯಾಹ್ನ ಎಡೆ ಇಡುವ ಹೊತ್ತಿಗೆ ಬಾಳೆಯೆಲೆಯ ಮುಂದೆ ಎಲ್ಲರೂ ನಿಂತರು. ಕನ್ನಮ್ಮ ಗೋಡೆಯ ಪಕ್ಕ ಸೆರಗು ಬಿಗಿದುಕೊಂಡು ನಿಂತಿದ್ದಳು. ಯಮುನಮ್ಮ ಅನ್ನದ ಪಾತ್ರೆಯನ್ನು ಅವಳ ಕೈಗೆ ಕೊಟ್ಟಳು.

ಊರಿನ ಯಜಮಾನರು ಕೈ ಅಡ್ಡ ಹಿಡಿದರು. ಕೆಟ್ಟ ಮನಸ್ಸಿನಿಂದಲ್ಲ, ಪದ್ಧತಿ ಎಂದು ಕೇಳಿದರು: ಎಡೆಗೆ ಮೊದಲ ಅನ್ನ ಇಡುವುದು ಮನೆಯವರು, ಈ ಹೆಂಗಸು ಭೂತಪ್ಪನಿಗೆ ಏನಾಗಬೇಕು? ಎಲ್ಲರೂ ನನ್ನ ಕಡೆ ನೋಡಿದರು. ಹುಲಿಯಪ್ಪ ನೆಲ ನೋಡಿದ. ನಾನು ಗಂಟಲು ಸರಿಮಾಡಿಕೊಂಡೆ. ಏನೇನೋ ಮಾತು ಜೋಡಿಸಿದೆ, ಯಾವುದೂ ಹೊರಗೆ ಬರಲಿಲ್ಲ.

ನನ್ನ ಹಿಂದಿನಿಂದ ಯಮುನಮ್ಮ ಹೇಳಿದಳು:

"ನಮ್ಮಕ್ಕ."

ವಾರಗಿತ್ತಿಯರಲ್ಲಿ ಕಿರಿಯವಳು ಹಿರಿಯವಳನ್ನು ನಮ್ಮಲ್ಲಿ ಕರೆಯುವುದೂ ಹಾಗೆಯೇ. ಯಮುನಮ್ಮ ಕೆರಿಯಮ್ಮನನ್ನು ಇಷ್ಟು ವರ್ಷ ಕರೆದದ್ದೂ ಅದೇ ಮಾತಿನಿಂದ. ಯಜಮಾನರು ಅವಳ ಮುಖ ನೋಡಿದರು, ಕನ್ನಮ್ಮನ ಮುಖ ನೋಡಿದರು. ಅಡ್ಡ ಹಿಡಿದ ಕೈ ತೆಗೆದರು. ಕನ್ನಮ್ಮ ಎಲೆಯ ಮುಂದೆ ಮಂಡಿಯೂರಿ ಅನ್ನ ಬಡಿಸಿದಳು. ಬಡಿಸುತ್ತ ಬಡಿಸುತ್ತ ಅವಳ ಬೆನ್ನು ಅದುರತೊಡಗಿತು. ಆಗ ಮೊದಲ ಸಲ ದನಿ ತೆಗೆದು ಅತ್ತಳು. ಯಾರೂ ಯಾಕೆಂದು ಕೇಳಲಿಲ್ಲ.

ನಾನು ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದೆ. ಯಮುನಮ್ಮ ಪಕ್ಕಕ್ಕೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೊಬ್ಬನಿಗೇ ಕೇಳುವಂತೆ, "ನೀವು ಬಾಯಿ ಮುಚ್ಕಂಡು ಎಲೆಗೆ ನೀರು ಬಿಡಿ" ಅಂದಳು.

ಬಿಟ್ಟೆ.